ಉಪವೃತ್ತಿಯಾಗಿ ಆಹಾರ ಫ್ರಾಂಚೈಸಿ

ಆಹಾರ ಫ್ರಾಂಚೈಸಿ ಎಂದರೆ ಹೆಸರಾದ ಒಂದು ಸಂಸ್ಥೆಯ ಹೆಸರು, ಚಿಹ್ನೆ, ಪಾಕಕ್ರಮ ಮತ್ತು ಮಾರಾಟ ಪದ್ಧತಿಯನ್ನು ನಿಗದಿತ ಅವಧಿಗೆ ಹಣ ಕೊಟ್ಟು ಪಡೆದು, ಸ್ವಂತ ಬಂಡವಾಳದಿಂದ ಮಳಿಗೆ ನಡೆಸುವ ವ್ಯವಸ್ಥೆ. ಐಸ್‌ಕ್ರೀಮ್, ಚಹಾ, ಪಿಜ್ಜಾ, ಬರ್ಗರ್ ಮಳಿಗೆಗಳಲ್ಲಿ ಇದು ಸಾಮಾನ್ಯ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರದಂತಹ ಪಟ್ಟಣಗಳಲ್ಲಿ ನೌಕರರಿಗೆ, ನಿವೃತ್ತರಿಗೆ ಹಾಗೂ ವಿದೇಶದಿಂದ ಊರಿಗೆ ಮರಳಿದವರಿಗೆ ಇದು ಸುಲಭದ ಉಪವೃತ್ತಿಯಾಗಿ ಕಾಣುವುದುಂಟು. ಆದರೆ ಹೆಸರು ಸಂಸ್ಥೆಯದು, ನಷ್ಟ ಮಳಿಗೆದಾರರದು ಎಂಬುದು ಈ ವ್ಯವಸ್ಥೆಯ ಮೂಲ ಸ್ವರೂಪ.

ಹಿನ್ನೆಲೆ

ಈ ಭಾಗಕ್ಕೆ ಹೋಟೆಲ್ ಉದ್ಯಮ ಹೊಸದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಎಂಟಿಆರ್ ಎಂದು ಹೆಸರಾದ ಹೋಟೆಲನ್ನು ಕಟ್ಟಿದ ಮಯ್ಯ ಸಹೋದರರು ಕೋಟ ಸಮೀಪದ ಪಾರಂಪಳ್ಳಿಯವರು. 1970ರಲ್ಲಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರು ಕುಂದಾಪುರ ಭಾಗದವರು. ಊರು ಬಿಟ್ಟ ಹುಡುಗರು ಲೋಟ ತೊಳೆಯುವುದರಿಂದ ಆರಂಭಿಸಿ ಅಡುಗೆ, ದಿನಸಿ ಖರೀದಿ, ಲೆಕ್ಕಪತ್ರಗಳನ್ನು ಕಲಿತು ಬಳಿಕ ಸ್ವಂತ ಹೋಟೆಲ್ ತೆರೆಯುವುದು ಈ ಪರಂಪರೆಯ ಕ್ರಮವಾಗಿತ್ತು. ಮಾಲೀಕರು ದಿನವಿಡೀ ಗಲ್ಲಾದಲ್ಲಿ ಕುಳಿತಿರುತ್ತಿದ್ದರು. ಫ್ರಾಂಚೈಸಿಯಿಂದ ಪರಿಚಿತ ಹೆಸರು, ಸಿದ್ಧ ಪಾಕಕ್ರಮ ಮತ್ತು ಅಲ್ಪಾವಧಿಯ ತರಬೇತಿ ದೊರೆಯುತ್ತವೆ. ಆ ಅನುಭವವಾಗಲಿ, ಮಾಲೀಕರ ಹಾಜರಿಯಾಗಲಿ ದೊರೆಯುವುದಿಲ್ಲ.

ಖರ್ಚಿನ ಸ್ವರೂಪ

ಆರಂಭದಲ್ಲಿ ಫ್ರಾಂಚೈಸಿ ಶುಲ್ಕ, ಠೇವಣಿ, ಒಳಾಂಗಣ ವಿನ್ಯಾಸ ಹಾಗೂ ಯಂತ್ರಗಳಿಗೆ ಹಣ ತೊಡಗಿಸಬೇಕು. ಮಳಿಗೆ ಮುಚ್ಚಿದರೆ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಅನೇಕ ಒಪ್ಪಂದಗಳಲ್ಲಿ ಪ್ರತಿ ತಿಂಗಳು ರಾಯಲ್ಟಿ ಸಲ್ಲಿಸಬೇಕಾಗುತ್ತದೆ. ಇದನ್ನು ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ ಲೆಕ್ಕ ಹಾಕುವುದರಿಂದ ನಷ್ಟದ ತಿಂಗಳಲ್ಲಿಯೂ ಅದು ತಪ್ಪುವುದಿಲ್ಲ. ರಾಯಲ್ಟಿಯ ಮೇಲೆ ಶೇ. 18 ಜಿಎಸ್‌ಟಿ ಇದೆ. ಶೇ. 5 ಜಿಎಸ್‌ಟಿ ವಿಧಿಸುವ ಉಪಾಹಾರ ಗೃಹಗಳಿಗೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವಿಲ್ಲದ ಕಾರಣ ಈ ತೆರಿಗೆಯೂ ಖರ್ಚಾಗಿಯೇ ಉಳಿಯುತ್ತದೆ.

ಲೆಕ್ಕದ ಉದಾಹರಣೆ

ವಿವರಣೆಗಾಗಿ ಒಂದು ಕಾಲ್ಪನಿಕ ಮಳಿಗೆಯನ್ನು ತೆಗೆದುಕೊಳ್ಳಬಹುದು. ಅದರ ತಿಂಗಳ ಮಾರಾಟ 3,00,000 ರೂ. ಎಂದಿರಲಿ.

- ಕಚ್ಚಾ ಸಾಮಗ್ರಿ (ಶೇ. 40): 1,20,000 ರೂ.
- ರಾಯಲ್ಟಿ (ಶೇ. 5) ಮತ್ತು ಅದರ ಜಿಎಸ್‌ಟಿ: 17,700 ರೂ.
- ಬಾಡಿಗೆ: 30,000 ರೂ.
- ಮೂವರು ಕೆಲಸಗಾರರ ಸಂಬಳ: 54,000 ರೂ.
- ವಿದ್ಯುತ್, ಗ್ಯಾಸ್: 20,000 ರೂ.
- ಪೊಟ್ಟಣ, ಮನೆಗೆ ತಲುಪಿಸುವ ವೆಚ್ಚ: 25,000 ರೂ.

ಉಳಿಯುವುದು 33,300 ರೂ. ಶೇ. 11 ಬಡ್ಡಿಯಲ್ಲಿ 5 ವರ್ಷಕ್ಕೆ ಪಡೆದ 10 ಲಕ್ಷ ರೂ. ಸಾಲದ ಮಾಸಿಕ ಕಂತು ಸುಮಾರು 21,700 ರೂ. ಅದನ್ನು ಕಳೆದರೆ 11,600 ರೂ. ಮಾತ್ರ ಕೈಗೆ ಬರುತ್ತದೆ. ಮಾಲೀಕರು ಬೇರೆ ಉದ್ಯೋಗದಲ್ಲಿದ್ದು 20,000 ರೂ. ಸಂಬಳಕ್ಕೆ ವ್ಯವಸ್ಥಾಪಕರನ್ನು ನೇಮಿಸಿದರೆ ಸಾಧಾರಣ ತಿಂಗಳಲ್ಲಿಯೇ ನಷ್ಟ. ವ್ಯವಸ್ಥಾಪಕರಿಲ್ಲದಿದ್ದರೂ ಮಾರಾಟವು ಕಾಲುಭಾಗ ಕುಸಿದಾಗ ಕಂತಿನ ಹಣವನ್ನು ಪೂರ್ತಿಯಾಗಿ ಕೈಯಿಂದಲೇ ತುಂಬಬೇಕಾಗುತ್ತದೆ.

ಸ್ಥಳೀಯ ಅಂಶಗಳು

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರೀ ಮಳೆಯಾಗುತ್ತದೆ. ಐಸ್‌ಕ್ರೀಮ್, ತಂಪು ಪಾನೀಯಗಳ ಮಾರಾಟ ಇಳಿಯುತ್ತದೆ. ವಿದ್ಯುತ್ ಕಡಿತವಾದರೆ ಶೀತಕದಲ್ಲಿಟ್ಟ ಸಾಮಗ್ರಿ ಹಾಳಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅದನ್ನು ನಂಬಿದ ಕುಟುಂಬಗಳ ಕೈಯಲ್ಲಿ ಹಣದ ಓಡಾಟವೂ ತಗ್ಗುತ್ತದೆ. ಕೊಲ್ಲೂರಿನ ಯಾತ್ರಿಕರನ್ನೂ ಮರವಂತೆಯ ಪ್ರವಾಸಿಗರನ್ನೂ ನೆಚ್ಚಿದ ವ್ಯಾಪಾರ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಮೂರೂ ಪಟ್ಟಣಗಳ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದುದರಿಂದ ಮಳಿಗೆ ರಸ್ತೆಯ ಯಾವ ಬದಿಯಲ್ಲಿದೆ ಎಂಬುದೂ ಮುಖ್ಯ. ದೊಡ್ಡ ನಗರದ ಮಾರಾಟದ ಅಂಕಿಗಳನ್ನು ಇಲ್ಲಿಗೆ ಅನ್ವಯಿಸಲಾಗದು.

ಕಾನೂನು

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. 1872ರ ಒಪ್ಪಂದ ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಮೊದಲಾದವು ಅನ್ವಯಿಸುತ್ತವೆ. ಅಮೆರಿಕದಲ್ಲಿ ಸಹಿ ಹಾಕುವ ಕನಿಷ್ಠ 14 ದಿನ ಮೊದಲು ಸಂಸ್ಥೆಯು ಲಿಖಿತ ಮಾಹಿತಿ ಪತ್ರ ಕೊಡಬೇಕೆಂಬ ನಿಯಮವಿದೆ. ಇಲ್ಲಿ ಮಾಹಿತಿಯನ್ನು ಕೇಳಿ ಪಡೆಯುವ ಹೊಣೆ ಖರೀದಿದಾರರದೇ. ಒಪ್ಪಂದದ ಅವಧಿಯಲ್ಲಿ ಪ್ರತಿಸ್ಪರ್ಧಿ ವ್ಯಾಪಾರ ಮಾಡಬಾರದೆಂಬ ಷರತ್ತು ಊರ್ಜಿತವೆಂದು ಗುಜರಾತ್ ಬಾಟ್ಲಿಂಗ್ ಕಂಪನಿ ಮತ್ತು ಕೋಕಾ ಕೋಲಾ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಎತ್ತಿಹಿಡಿಯಿತು.

ಮಳಿಗೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ನೋಂದಣಿ ಅಥವಾ ಪರವಾನಗಿ ಅಗತ್ಯ. ರಾಜ್ಯ ಸರ್ಕಾರಿ ನೌಕರರು ಪೂರ್ವಾನುಮತಿಯಿಲ್ಲದೆ ವ್ಯಾಪಾರದಲ್ಲಿ ತೊಡಗುವುದಕ್ಕೆ ನಡತೆ ನಿಯಮಗಳಲ್ಲಿ ನಿರ್ಬಂಧವಿದೆ.

ವಂಚನೆ

ಹೆಸರಾದ ಸಂಸ್ಥೆಗಳ ನಕಲಿ ಜಾಲತಾಣ ತೆರೆದು ನೋಂದಣಿ ಶುಲ್ಕ, ಠೇವಣಿಗಳ ಹೆಸರಿನಲ್ಲಿ ಹಣ ಪಡೆದು ಮರೆಯಾಗುವುದು ಒಂದು ಬಗೆಯ ವಂಚನೆ. ಅಮುಲ್ ಹೆಸರಿನ ಇಂತಹ ಜಾಲತಾಣಗಳ ವಿಷಯವು 2020ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡಬಹುದು.

ಒಪ್ಪಂದಕ್ಕೆ ಮುನ್ನ ಪರಿಶೀಲಿಸಬೇಕಾದವು

- ಈಗಾಗಲೇ ಮಳಿಗೆ ನಡೆಸುತ್ತಿರುವವರ, ಮುಖ್ಯವಾಗಿ ಮುಚ್ಚಿದವರ ಅನುಭವ.
- ಮಳೆಗಾಲದ ಮಾರಾಟದ ಅಂಕಿಗಳು.
- ಸಮೀಪದಲ್ಲಿ ಅದೇ ಹೆಸರಿನ ಮತ್ತೊಂದು ಮಳಿಗೆಗೆ ಅವಕಾಶವಿದೆಯೇ ಎಂಬುದು.
- ಅವಧಿಗೆ ಮೊದಲೇ ಹೊರಬಂದರೆ ಠೇವಣಿಯ ಗತಿ.
- ಫ್ರಾಂಚೈಸಿ ಮತ್ತು ಬಾಡಿಗೆ ಕರಾರುಗಳ ಅವಧಿಯ ಹೊಂದಾಣಿಕೆ.
- ಮನೆ, ಚಿನ್ನ ಅಥವಾ ನಿವೃತ್ತಿಯ ಹಣವನ್ನು ಒಡ್ಡದೆ ಒಂದು ವರ್ಷದ ನಷ್ಟ ತಾಳಿಕೊಳ್ಳುವ ಶಕ್ತಿ.