2500 ಅಂದದ್ದು 1100 ಆಯ್ತೇಕೆ?

ಪ್ರಶ್ನೆ: ನಮ್ಮ ದಲಾಲಿ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಅಥ್ಲಾನ್ ಎಕ್ಸ್‌ಪಿ 2500+ ಪ್ರೊಸೆಸರ್ ಇದೆ. ಈಗ ಆನ್ ಮಾಡಿದರೆ 1100 ಮೆಗಾಹರ್ಟ್ಸ್ ಎಂದು ತೋರಿಸುತ್ತದೆ. ಮಾರಿದವರು ಮೋಸ ಮಾಡಿದರೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಮೋಸವೇನೂ ಇಲ್ಲ. 2500+ ಎಂಬುದು ಎಎಂಡಿ ಕಂಪನಿ ಇಟ್ಟ ಮಾದರಿ ಸಂಖ್ಯೆ, ವೇಗವಲ್ಲ. 2003ರಲ್ಲಿ ಬಂದ ಈ ‘ಬಾರ್ಟನ್’ ಚಿಪ್ಪಿನ ನಿಜವಾದ ವೇಗ 1833 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗ 166ನ್ನು (ನಿಖರವಾಗಿ 166.67) ಚಿಪ್ಪಿನ ಗುಣಕ 11ರಿಂದ ಗುಣಿಸಿ ನೋಡಿ, ಲೆಕ್ಕ ಸಿಗುತ್ತದೆ. ಬಸ್ 100ಕ್ಕೆ ಇಳಿದರೆ? ನಿಮ್ಮ 1100!

ಇಳಿದದ್ದೇಕೆ? ಪರದೆಯ ಮೇಲಿನ ತಾರೀಖೂ ತಪ್ಪಿದ್ದರೆ ಕಳ್ಳ ಸಿಕ್ಕಿದ ಹಾಗೆ. ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದಂಥ 3 ವೋಲ್ಟಿನ ಸೆಲ್ ಸತ್ತು, ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ತಂತ್ರಾಂಶ) ತನ್ನ ನೆನಪು ಕಳೆದುಕೊಂಡು ಸುರಕ್ಷಿತವಾದ ಕಡಿಮೆ ವೇಗಕ್ಕೆ ಹೋಗಿದೆ. ಕರೆಂಟಿನ ವೈರ್ ಕಿತ್ತು, ಹೊಸ ಸಿಆರ್2032 ಸೆಲ್ ಹಾಕಿ. ರಾಣೆಬೆನ್ನೂರಿಗೋ ಹಾವೇರಿಗೋ ಓಡಬೇಕಿಲ್ಲ, ಗಡಿಯಾರ ರಿಪೇರಿಯವರ ಬಳಿಯೂ ಸಿಗುವ ಸೆಲ್ ಅದು. ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ, ಬಯಾಸ್‌ನಲ್ಲಿ ಎಫ್‌ಎಸ್‌ಬಿ ಅಥವಾ ಸಿಪಿಯು ಕ್ಲಾಕ್ ಎಂಬಲ್ಲಿ 166 ಆರಿಸಿ, ಎಫ್10 ಒತ್ತಿ ಉಳಿಸಿ. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಜಂಪರ್ ಎಂಬ ಪುಟ್ಟ ಕೊಂಡಿ ಇರುತ್ತದೆ. ರ‍್ಯಾಮ್ ಡಿಡಿಆರ್266 ಆಗಿದ್ದರೆ ಅದರ ವೇಗವನ್ನು ಬೇರೆಯಾಗಿ 133ರಲ್ಲೇ ಇಡಿ.

ವೇಗ ಏರಿದರೆ ಬಿಸಿಯೂ ಏರುತ್ತದೆ. ಮೆಣಸಿನಕಾಯಿ ಪೇಟೆಯ ಧೂಳು ನಿಮಗೆ ಹೇಳಿಕೊಡಬೇಕೇ? ಫ್ಯಾನ್ ಮೊದಲು ಸ್ವಚ್ಛ ಮಾಡಿ. ಆಸೆಗೆ ಬಿದ್ದು ಬಸ್ ವೇಗವನ್ನು 200ಕ್ಕೆ ಮಾತ್ರ ಏರಿಸಬೇಡಿ.