ಅರವತ್ತು ದಾಟಿದ ನಾಯಕಿ

ಪ್ರೇಕ್ಷಕರಿಗೆ ಬೇಕಾದದ್ದು ಯೌವನ ಮತ್ತು ಚೆಲುವು ಎಂಬ ಮಾತು ಚಿತ್ರರಂಗದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ನಟಿಯ ವಯಸ್ಸು ನಲವತ್ತನ್ನು ಸಮೀಪಿಸಿತೆಂದರೆ, ನಿನ್ನೆಯವರೆಗೆ ತನಗೆ ಜೋಡಿಯಾಗಿದ್ದ ನಾಯಕನಿಗೇ ಆಕೆ ಅತ್ತಿಗೆಯೋ ತಾಯಿಯೋ ಆಗಿಬಿಡುತ್ತಾಳೆ. ಹೀಗೇಕೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ನಾವೇನು ಮಾಡೋಣ, ಜನ ಕೇಳುವುದೇ ಅದನ್ನು. ತಪ್ಪು ನಿರ್ಮಾಪಕನದಲ್ಲ, ಬರಹಗಾರನದಲ್ಲ. ಟಿಕೆಟ್ ಕೊಳ್ಳುವವರದು ಎಂಬ ವಾದವಿದು.

ಈ ವಾದವನ್ನು ಒಮ್ಮೆ ಲೆಕ್ಕದ ಪುಸ್ತಕದ ಮುಂದಿಟ್ಟು ನೋಡಬೇಕು. ಅಮೆರಿಕದಲ್ಲಿ ಕ್ವಿಗ್ಲಿ ಎಂಬ ಪ್ರಕಾಶನ ಸಂಸ್ಥೆ 1932ರಲ್ಲಿ ಚಿತ್ರಮಂದಿರಗಳ ಒಡೆಯರಿಗೆ ಒಂದು ನೇರ ಪ್ರಶ್ನೆಯನ್ನು ಕೇಳಿತು. ಈ ವರ್ಷ ನಿಮ್ಮ ಗಲ್ಲಾಪೆಟ್ಟಿಗೆಯನ್ನು ತುಂಬಿಸಿದ ತಾರೆಯರು ಯಾರು? ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಕ್ಲಾರ್ಕ್ ಗೇಬಲ್ ಎಲ್ಲರೂ ಆ ಪಟ್ಟಿಯಲ್ಲಿದ್ದರು. ಆದರೆ ಮೊದಲ ಸ್ಥಾನ ಅವರಾರಿಗೂ ದೊರೆಯಲಿಲ್ಲ. ಅದು ಸಂದದ್ದು ಆ ವರ್ಷ ಅರವತ್ತನಾಲ್ಕು ತುಂಬಿದ, ಸ್ಥೂಲಕಾಯದ, ಜೋತುಬಿದ್ದ ಕೆನ್ನೆಯ ಒಬ್ಬ ಹಿರಿಯ ಹೆಂಗಸಿಗೆ. 1933ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಉತ್ತರವೂ ಅದೇ ಬಂದಿತು. ಆಕೆಯ ಹೆಸರು ಮೇರಿ ಡ್ರೆಸ್ಲರ್.

ಇಂದು ಆ ಹೆಸರು ಬಹುಮಂದಿಗೆ ಅಪರಿಚಿತ. ಚಾಪ್ಲಿನ್ ಅಭಿಮಾನಿಗಳು ಮಾತ್ರ ಆತನ ಆರಂಭದ ಚಿತ್ರವೊಂದರಲ್ಲಿ ದೈತ್ಯಾಕಾರದ ನಾಯಕಿಯನ್ನು ಕಂಡ ನೆನಪು ಮಾಡಿಕೊಂಡಾರು. ಆದರೆ ಡ್ರೆಸ್ಲರ್‌ಳ ಬದುಕು ಕೇವಲ ಒಬ್ಬ ಹಾಸ್ಯನಟಿಯ ಕಥೆಯಲ್ಲ. ಕಲಾವಿದೆಯೊಬ್ಬಳ ದಾರಿಯನ್ನು ಮುಚ್ಚುವವರು ಯಾರು, ತೆರೆಯುವವರು ಯಾರು ಎಂಬುದಕ್ಕೆ ಅದೊಂದು ಸಾಕ್ಷ್ಯ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಕೋಬರ್ಗ್ ಎಂಬ ಊರಿನಲ್ಲಿ 1868ರ ನವೆಂಬರ್ 9ರಂದು ಹುಟ್ಟಿದ ಆಕೆಯ ನಿಜನಾಮ ಲೀಲಾ ಮೇರಿ ಕೋರ್ಬರ್. ತಂದೆ ಸಂಗೀತದ ಮೇಷ್ಟ್ರು. ಹದಿನಾಲ್ಕರ ಹರೆಯದಲ್ಲೇ ಮನೆ ಬಿಟ್ಟು ಸಂಚಾರಿ ನಾಟಕ ತಂಡವೊಂದನ್ನು ಸೇರಿದಳು; ಮನೆತನದ ಹೆಸರನ್ನು ರಂಗಕ್ಕೆ ತರಬಾರದೆಂದು ಡ್ರೆಸ್ಲರ್ ಎಂಬ ಹೆಸರಿಟ್ಟುಕೊಂಡಳು. ತಾನು ಚೆಲುವೆಯಲ್ಲ ಎಂಬುದನ್ನು ಆಕೆ ಬಲು ಬೇಗ ಅರಿತಳು. 1924ರಲ್ಲಿ ಪ್ರಕಟವಾದ ತನ್ನ ಮೊದಲ ಆತ್ಮಕಥೆಗೆ ಆಕೆ ಕೊಟ್ಟ ಹೆಸರಿನಲ್ಲೇ ತನ್ನನ್ನು ‘ಕುರೂಪಿ ಬಾತುಮರಿ’ ಎಂದು ಕರೆದುಕೊಂಡಿದ್ದಾಳೆ. ಇತರರು ನಗುವ ಮೊದಲೇ ತಾನು ನಕ್ಕು, ಆ ನಗುವನ್ನೇ ಜೀವನೋಪಾಯವಾಗಿಸಿಕೊಂಡಳು. 1892ರಲ್ಲಿ ಬ್ರಾಡ್‌ವೇ ರಂಗ ಪ್ರವೇಶ. 1896ರಲ್ಲಿ ‘ದಿ ಲೇಡಿ ಸ್ಲೇವಿ’ ಎಂಬ ಸಂಗೀತ ಪ್ರಹಸನದಿಂದ ಖ್ಯಾತಿ. ಅಲ್ಲಿಂದ ಮುಂದೆ ವಾಡೆವಿಲ್ ರಂಗ ಆಕೆಯ ಎರಡನೆಯ ಮನೆಯಾಯಿತು.

ವಾಡೆವಿಲ್ ಎಂಬುದು ನಮ್ಮ ಕಂಪನಿ ನಾಟಕದಂತೆ ಇಡೀ ರಾತ್ರಿ ಒಂದೇ ಕಥೆಯನ್ನು ನಡೆಸುವ ರಂಗಭೂಮಿಯಲ್ಲ. ಅಲ್ಲಿ ಕಥೆಯೇ ಇಲ್ಲ. ಒಬ್ಬ ಗಾಯಕಿ, ಬಳಿಕ ದೊಂಬರಾಟ, ಬಳಿಕ ತರಬೇತಾದ ನಾಯಿಗಳು, ಬಳಿಕ ಇಬ್ಬರು ವಿದೂಷಕರು; ಹೀಗೆ ಒಂದರ ಹಿಂದೆ ಒಂದರಂತೆ ಬಿಡಿ ಪ್ರದರ್ಶನಗಳು. ಪ್ರತಿಯೊಬ್ಬರಿಗೂ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅಪರಿಚಿತ ಊರಿನ ಅಪರಿಚಿತ ಜನರನ್ನು ಗೆಲ್ಲಬೇಕು. ಯಾವ ಮಾತಿಗೆ ನಿಲ್ಲಬೇಕು, ನಗು ಎಷ್ಟು ಏರಿದ ಮೇಲೆ ಮುಂದಿನ ಮಾತನ್ನು ಎಸೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬ ಕಾಲಪ್ರಜ್ಞೆಯೇ ಆ ರಂಗದ ವ್ಯಾಕರಣ. ಡ್ರೆಸ್ಲರ್ ಈ ವ್ಯಾಕರಣವನ್ನು ದಶಕಗಳ ಕಾಲ ಅಭ್ಯಾಸ ಮಾಡಿದಳು. ಏಳುಬೀಳುಗಳೂ ಇದ್ದವು. ಲಂಡನ್ನಿನಲ್ಲಿ 1909ರಲ್ಲಿ ನಾಟಕ ಸೋತು ದಿವಾಳಿಯಾದಳು. ಮರುವರ್ಷವೇ ನ್ಯೂಯಾರ್ಕಿನಲ್ಲಿ ‘ಟಿಲ್ಲೀಸ್ ನೈಟ್‌ಮೇರ್’ ನಾಟಕ ಆಕೆಯನ್ನು ಮತ್ತೆ ಮೇಲೆತ್ತಿತು.

ಆ ನಾಟಕದ ಜನಪ್ರಿಯತೆಯೇ ಆಕೆಯನ್ನು ಸಿನಿಮಾಕ್ಕೆ ತಂದಿತು. ಮ್ಯಾಕ್ ಸೆನೆಟ್ 1914ರಲ್ಲಿ ಅದನ್ನು ಆಧರಿಸಿ ‘ಟಿಲ್ಲೀಸ್ ಪಂಕ್ಚರ್ಡ್ ರೊಮಾನ್ಸ್’ ಎಂಬ ಆರು ರೀಲುಗಳ ಚಿತ್ರ ತೆಗೆದ. ಚಲನಚಿತ್ರ ಚರಿತ್ರೆಯ ಮೊದಲ ಪೂರ್ಣಪ್ರಮಾಣದ ಹಾಸ್ಯಚಿತ್ರವೆಂದು ಅದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅದರಲ್ಲಿ ಚಾಪ್ಲಿನ್ ಇದ್ದ, ಮೇಬಲ್ ನಾರ್ಮಂಡ್ ಇದ್ದಳು. ಆದರೆ ಜನ ಬಂದದ್ದು ಡ್ರೆಸ್ಲರ್‌ಳ ಹೆಸರಿಗೆ. ಆದರೂ ಮೂಕಿಚಿತ್ರ ಆಕೆಗೆ ಒಗ್ಗಲಿಲ್ಲ. ಅನಂತರದ ಕೆಲವು ಚಿತ್ರಗಳು ಅಷ್ಟಾಗಿ ನಡೆಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮೂಕಿಯ ಕ್ಯಾಮೆರಾ ಆಕೆಯ ದೇಹವನ್ನು ಮಾತ್ರ ಸೆರೆಹಿಡಿಯಿತು. ಆಕೆಯ ಕಲೆಯ ಅರ್ಧಭಾಗವಿದ್ದದ್ದು ಧ್ವನಿಯಲ್ಲಿ.

ಇಲ್ಲಿಗೆ ಆಕೆಯ ಬದುಕಿನ ನಿರ್ಣಾಯಕ ತಿರುವು ಬರುತ್ತದೆ. ಅಂದಿನ ಅಮೆರಿಕದ ರಂಗಭೂಮಿಯಲ್ಲಿ ಕಲಾವಿದರಿಗೆ ತಾಲೀಮಿನ ವಾರಗಳಿಗೆ ಸಂಬಳವಿರಲಿಲ್ಲ. ಹೆಚ್ಚುವರಿ ಪ್ರದರ್ಶನಗಳಿಗೂ ಹಣವಿಲ್ಲ. ಹಿಮ್ಮೇಳದಲ್ಲಿ ಹಾಡಿ ಕುಣಿಯುವ ಕೋರಸ್ ಹುಡುಗಿಯರು ಕಾಲುಚೀಲ, ಪಾದರಕ್ಷೆಗಳನ್ನೂ ತಮ್ಮ ಕೈಯಿಂದಲೇ ಕೊಳ್ಳಬೇಕಿತ್ತು. 1919ರ ಆಗಸ್ಟ್‌ನಲ್ಲಿ ನಟರ ಸಂಘಟನೆಯಾದ ಆಕ್ಟರ್ಸ್ ಇಕ್ವಿಟಿ ಮುಷ್ಕರ ಹೂಡಿತು. ಬ್ರಾಡ್‌ವೇಯ ರಂಗಮಂದಿರಗಳು ಒಂದೊಂದಾಗಿ ಕತ್ತಲಾದವು. ಕೋರಸ್ ಹುಡುಗಿಯರು ತಮ್ಮದೇ ಸಂಘ ಕಟ್ಟಿಕೊಂಡಾಗ ಅದರ ಪ್ರಥಮ ಅಧ್ಯಕ್ಷೆಯಾಗಿ ಆರಿಸಿದ್ದು ಮೇರಿ ಡ್ರೆಸ್ಲರ್‌ಳನ್ನು.

ಗಮನಿಸಬೇಕಾದ ಅಂಶವೆಂದರೆ, ಆಗ ಆಕೆ ಕೋರಸ್ ಹುಡುಗಿಯಲ್ಲ, ಹೆಸರಾಂತ ತಾರೆ. ಮುಷ್ಕರದಿಂದ ಆಕೆಗೆ ಲಾಭವೇನೂ ಇರಲಿಲ್ಲ, ಕಳೆದುಕೊಳ್ಳುವುದಂತೂ ಬೇಕಾದಷ್ಟಿತ್ತು. ಮೂವತ್ತು ದಿನಗಳಲ್ಲಿ ಮಾಲೀಕರು ಮಣಿದರು. ಕಲಾವಿದರ ಸಂಘಟನೆಗೆ ಮನ್ನಣೆ ದೊರೆಯಿತು. ಆದರೆ ಮುಷ್ಕರ ಗೆದ್ದವರೆಲ್ಲರಿಗೂ ಕೆಲಸ ಮರಳಿ ಸಿಗುತ್ತದೆ ಎಂದೇನಿಲ್ಲವಲ್ಲ! 1920ರ ದಶಕದಲ್ಲಿ ಡ್ರೆಸ್ಲರ್‌ಳಿಗೆ ಅವಕಾಶಗಳು ಬತ್ತುತ್ತ ಹೋದವು. ಮಾಲೀಕರ ಮುನಿಸು ಇದಕ್ಕೊಂದು ಕಾರಣವೆಂದು ಆಕೆಯ ಬದುಕನ್ನು ಬರೆದವರು ಹೇಳುತ್ತಾರೆ. ಬದಲಾದ ಅಭಿರುಚಿ ಇನ್ನೊಂದು, ಏರುತ್ತಿದ್ದ ವಯಸ್ಸು ಮತ್ತೊಂದು. ಇವು ಮೂರನ್ನೂ ಬೇರ್ಪಡಿಸುವುದು ಸುಲಭವಲ್ಲ; ಬಹುಶಃ ಬೇರ್ಪಡಿಸಲು ಬಾರದಂತಿರುವುದೇ ಇಂಥ ಬಹಿಷ್ಕಾರಗಳ ಜಾಣ್ಮೆ. ಐವತ್ತು ದಾಟಿದ ನಟಿಗೆ ಪಾತ್ರ ಕೊಡದಿದ್ದರೆ ಯಾರೂ ಕಾರಣ ಕೇಳುವುದಿಲ್ಲ.

ಆ ಬಾಗಿಲನ್ನು ತೆರೆದದ್ದು ಉದ್ಯಮದ ಔದಾರ್ಯವಲ್ಲ, ಒಬ್ಬ ಬರಹಗಾರ್ತಿ. ಫ್ರಾನ್ಸಿಸ್ ಮೇರಿಯನ್ ಎಂಬ ಚಿತ್ರಕಥೆಗಾರ್ತಿ ಒಂದು ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಳೆಯ ಪತ್ರಕರ್ತೆಯಾಗಿದ್ದಳು. ಆಗ ಪ್ರಸಿದ್ಧಿಯ ಶಿಖರದಲ್ಲಿದ್ದ ಡ್ರೆಸ್ಲರ್ ಆ ಹೊಸಬಳಿಗೆ ಸಂದರ್ಶನ ನೀಡಿ ನೆರವಾಗಿದ್ದಳು. ಆ ಉಪಕಾರವನ್ನು ಮೇರಿಯನ್ ಮರೆಯಲಿಲ್ಲ. ಹಾಲಿವುಡ್‌ನ ಅತ್ಯಂತ ಬೇಡಿಕೆಯ ಲೇಖಕಿಯಾದ ಬಳಿಕ, ಎಂ.ಜಿ.ಎಂ. ಸಂಸ್ಥೆಯಲ್ಲಿ ಡ್ರೆಸ್ಲರ್‌ಳಿಗಾಗಿಯೇ ಪಾತ್ರ ಬರೆದು, ಆಕೆಯೇ ಬೇಕೆಂದು ವಾದಿಸಿದಳು. 1927ರ ‘ದಿ ಕ್ಯಾಲಹನ್ಸ್ ಅಂಡ್ ದಿ ಮರ್ಫೀಸ್’ ಚಿತ್ರವನ್ನು ಐರಿಷ್ ಮೂಲದ ಅಮೆರಿಕನ್ನರ ಪ್ರತಿಭಟನೆಯಿಂದಾಗಿ ಸಂಸ್ಥೆ ಹಿಂತೆಗೆದುಕೊಂಡಿತು. ಮೇರಿಯನ್ ಅಷ್ಟಕ್ಕೇ ಬಿಡಲಿಲ್ಲ.

ಯೂಜೀನ್ ಓನೀಲ್‌ನ ನಾಟಕವನ್ನಾಧರಿಸಿ ಆಕೆ ಚಿತ್ರಕಥೆ ಬರೆದ ‘ಅನ್ನಾ ಕ್ರಿಸ್ಟೀ’ 1930ರಲ್ಲಿ ಬಂದಿತು. ಅದು ಗಾರ್ಬೊ ಮೊದಲ ಬಾರಿಗೆ ಮಾತನಾಡಿದ ಚಿತ್ರ. ಆ ಧ್ವನಿಯನ್ನು ಕೇಳಲೆಂದೇ ಜನ ನೆರೆದರು. ಆದರೆ ಚಿತ್ರಮಂದಿರದಿಂದ ಹೊರಬಂದವರ ಬಾಯಲ್ಲಿ, ಬಂದರುಕಟ್ಟೆಯ ಕುಡುಕಿ ಮಾರ್ಥಿಯ ಪಾತ್ರ ವಹಿಸಿದ್ದ ಡ್ರೆಸ್ಲರ್‌ಳ ಮಾತೂ ಇತ್ತು. ಮೂಕಿಚಿತ್ರ ಕಸಿದುಕೊಂಡದ್ದನ್ನು ವಾಕ್ಚಿತ್ರ ಹಿಂದಿರುಗಿಸಿತ್ತು. ಮೈಕು ಬಂದಾಗ ಎಷ್ಟೋ ಮೂಕಿತಾರೆಗಳು ತಡವರಿಸಿದರು. ವಾಡೆವಿಲ್‌ನ ಮುದುಕಿಗೆ ಅದು ತವರಿಗೆ ಬಂದಂತಾಯಿತು.

ಅದೇ ವರ್ಷ ‘ಮಿನ್ ಅಂಡ್ ಬಿಲ್’ ತೆರೆಕಂಡಿತು. ಬಂದರಿನ ಬಳಿ ಸಾಧಾರಣ ವಸತಿಗೃಹ ನಡೆಸುವ ಮಿನ್, ತೊರೆಯಲ್ಪಟ್ಟ ಹೆಣ್ಣುಮಗುವೊಂದನ್ನು ಸಾಕುತ್ತಾಳೆ. ಆ ಹುಡುಗಿಯ ಬಾಳು ಕೆಡದಿರಲೆಂದು ಕೊನೆಗೆ ಕೊಲೆಗೂ ಹಿಂಜರಿಯದೆ, ಹುಡುಗಿ ಗಂಡನೊಡನೆ ಹಡಗಿನಲ್ಲಿ ಸಾಗುವುದನ್ನು ದೂರದಿಂದ ನೋಡುತ್ತ ತಾನು ಪೊಲೀಸರ ವಶವಾಗುತ್ತಾಳೆ. ನಗಿಸುತ್ತಲೇ ಬಂದ ಮುಖ ಆ ಕೊನೆಯ ದೃಶ್ಯದಲ್ಲಿ ಅಳುವನ್ನು ನುಂಗಿಕೊಂಡು ನಗುತ್ತದೆ. ಈ ಪಾತ್ರಕ್ಕೆ 1931ರ ನವೆಂಬರ್ 10ರಂದು ಡ್ರೆಸ್ಲರ್‌ಳಿಗೆ ಶ್ರೇಷ್ಠ ನಟಿಯೆಂದು ಆಸ್ಕರ್ ಪ್ರಶಸ್ತಿ ಸಂದಿತು. ಹಿಂದಿನ ದಿನವಷ್ಟೇ ಆಕೆಗೆ ಅರವತ್ತಮೂರು ತುಂಬಿತ್ತು. ಮರುವರ್ಷದ ‘ಎಮ್ಮಾ’ ಚಿತ್ರಕ್ಕೂ ಆಕೆ ನಾಮಕರಣಗೊಂಡಳು. 1933ರಲ್ಲಿ ‘ಟಗ್‌ಬೋಟ್ ಆ್ಯನಿ’ ಹಾಗೂ ‘ಡಿನ್ನರ್ ಅಟ್ ಏಟ್’ ಬಂದವು. ಆಗಸ್ಟ್‌ನಲ್ಲಿ ‘ಟೈಮ್’ ವಾರಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಪ್ರಕಟವಾಯಿತು.

ಅದು ಮಹಾ ಆರ್ಥಿಕ ಕುಸಿತದ ಕಾಲ. 1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರು ನಿರುದ್ಯೋಗಿಗಳು. ಬ್ಯಾಂಕುಗಳು ಮುಚ್ಚಿದ್ದವು, ಮನೆಗಳು ಹರಾಜಾಗುತ್ತಿದ್ದವು. ಜನ ವಾಸ್ತವವನ್ನು ಮರೆಯಲು ಚಿತ್ರಮಂದಿರಕ್ಕೆ ಹೋದರು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಹಾಗಾದರೆ ಅವರು ಮೊದಲ ಸ್ಥಾನಕ್ಕೆ ಒಬ್ಬ ಮನೆಗೆಲಸದವಳ, ಹಳೆಯ ಹಡಗಿನ ಒಡತಿಯ, ಬಂದರಿನ ವಸತಿಗೃಹದವಳ ಪಾತ್ರ ಮಾಡುವ ಮುದುಕಿಯನ್ನೇಕೆ ಆರಿಸಿದರು? ಮರೆಯುವುದಕ್ಕಷ್ಟೇ ಅಲ್ಲ, ಗುರುತಿಸಿಕೊಳ್ಳುವುದಕ್ಕೂ ಜನ ಸಿನಿಮಾ ನೋಡುತ್ತಾರೆ ಎಂಬುದೇ ಇದಕ್ಕಿರುವ ಉತ್ತರ. ಬಿದ್ದವಳು ಎದ್ದು ಸೆರಗು ಕೊಡವಿಕೊಂಡು ಮುಂದೆ ನಡೆಯುವುದನ್ನು ಅವರು ತೆರೆಯ ಮೇಲೆ ಕಂಡರು. ಆ ನಡಿಗೆ ನಟನೆಯಷ್ಟೇ ಅಲ್ಲವೆಂಬುದೂ ಅವರಿಗೆ ಗೊತ್ತಿತ್ತು.

ಅದೇ 1932ರಲ್ಲಿ ವಾಡೆವಿಲ್‌ನ ರಾಜಧಾನಿಯೆನಿಸಿದ್ದ ನ್ಯೂಯಾರ್ಕಿನ ಪ್ಯಾಲೇಸ್ ರಂಗಮಂದಿರ ಚಿತ್ರಮಂದಿರವಾಗಿ ಮಾರ್ಪಟ್ಟಿತು. ಆ ರಂಗದ ಕಲೆ ಮಾತ್ರ ಡ್ರೆಸ್ಲರ್‌ಳಂಥವರ ಮೈಯಲ್ಲಿ ತೆರೆಗೆ ದಾಟಿಕೊಂಡಿತ್ತು. ‘ಡಿನ್ನರ್ ಅಟ್ ಏಟ್’ನ ಕೊನೆಯ ದೃಶ್ಯ ಇದಕ್ಕೆ ನಿದರ್ಶನ. ತಾನೊಂದು ಪುಸ್ತಕ ಓದುತ್ತಿದ್ದೆನೆಂದು ಜೀನ್ ಹಾರ್ಲೊ ಹೇಳಿದಾಗ, ನಡೆಯುತ್ತಿದ್ದ ಡ್ರೆಸ್ಲರ್ ಮುಗ್ಗರಿಸಿದಂತೆ ನಿಂತು ಆಕೆಯತ್ತ ತಿರುಗಿ ನೋಡುತ್ತಾಳೆ. ಮಾತಿಲ್ಲದ ಆ ಒಂದು ಕ್ಷಣದ ಹಿಂದೆ ನಲವತ್ತು ವರ್ಷಗಳ ರಂಗಾನುಭವವಿದೆ.

1934ರ ಜುಲೈ 28ರಂದು, ಅರವತ್ತೈದರ ವಯಸ್ಸಿನಲ್ಲಿ ಡ್ರೆಸ್ಲರ್ ಕ್ಯಾನ್ಸರ್‌ನಿಂದ ತೀರಿಕೊಂಡಳು. ಉಯಿಲಿನಲ್ಲಿ ತನ್ನ ಬಳಿ ಇಪ್ಪತ್ತು ವರ್ಷ ದುಡಿದ ಕಪ್ಪು ಜನಾಂಗದ ಸೇವಕಿಗೆ 35,000 ಡಾಲರ್, ಆಕೆಯ ಪತಿಗೆ 15,000 ಡಾಲರ್ ಬರೆದಿಟ್ಟಿದ್ದಳು. ಬಿಳಿಯರ ಹೋಟೆಲುಗಳಲ್ಲಿ ಪ್ರವೇಶವಿಲ್ಲದ ಕಪ್ಪು ಪ್ರಯಾಣಿಕರಿಗೊಂದು ತಂಗುದಾಣವಾಗಲಿ ಎಂಬುದು ಆಕೆಯ ಇಚ್ಛೆ. ಆ ದಂಪತಿಗಳು ಅದರಂತೆ ಜಾರ್ಜಿಯಾದ ಸವಾನಾದಲ್ಲಿ ಮನರಂಜನಾ ಕೇಂದ್ರವನ್ನೂ ವಸತಿಗಳನ್ನೂ ತೆರೆದರು. ಕೋರಸ್ ಹುಡುಗಿಯರ ಪರವಾಗಿ ನಿಂತವಳ ಉಯಿಲು ಹೀಗಿದ್ದುದರಲ್ಲಿ ಅಚ್ಚರಿಯಿಲ್ಲ.

ಡ್ರೆಸ್ಲರ್ ಒಂದು ಅಪವಾದ, ಅಪವಾದದಿಂದ ನಿಯಮ ಮಾಡಲಾಗದು ಎಂದು ಯಾರಾದರೂ ವಾದಿಸಬಹುದು. ಆದರೆ ಅದೇ ಕ್ವಿಗ್ಲಿ ಪಟ್ಟಿಯನ್ನು ಮುಂದಕ್ಕೆ ಓದಿ ನೋಡಿ. 1934ರಲ್ಲಿ ಮೊದಲಿಗ ವಿಲ್ ರೋಜರ್ಸ್. ಐವತ್ತೈದರ, ಹಗ್ಗದ ಕಸರತ್ತು ಮಾಡುತ್ತ ವಾಡೆವಿಲ್‌ನಿಂದಲೇ ಬಂದ ಹಾಸ್ಯಗಾರ. 1935ರಿಂದ 1938ರವರೆಗೆ ಸತತ ನಾಲ್ಕು ವರ್ಷ ಮೊದಲ ಸ್ಥಾನ ಶರ್ಲಿ ಟೆಂಪಲ್‌ಳದು. ಆಕೆ ಪುಟ್ಟ ಬಾಲಕಿ. ಏಳು ವರ್ಷಗಳ ಕಾಲ ಅಮೆರಿಕದ ಪ್ರೇಕ್ಷಕರು ಒಮ್ಮೆಯೂ ಪ್ರಣಯದ ನಾಯಕ ನಾಯಕಿಯರನ್ನು ಅಗ್ರಸ್ಥಾನಕ್ಕೆ ಏರಿಸಲಿಲ್ಲ. ಆದರೂ ಜನ ಕೇಳುವುದು ಯೌವನವನ್ನು ಮಾತ್ರ ಎಂಬ ಮಾತು ನಿಂತಿಲ್ಲ, ಇಂದಿಗೂ ನಿಂತಿಲ್ಲ.

ಡ್ರೆಸ್ಲರ್‌ಳನ್ನು ಬೇಡವೆಂದವರು ಪ್ರೇಕ್ಷಕರಲ್ಲ. ಅವರ ಮುಂದೆ ಆಕೆಯನ್ನು ನಿಲ್ಲಿಸಿದೊಡನೆ ಅವರು ಸಾಲುಗಟ್ಟಿ ಬಂದರು. ಆಕೆ ಇಲ್ಲದಿದ್ದ ಆ ವರ್ಷಗಳಲ್ಲಿ ಕೊರತೆಯಿದ್ದದ್ದು ಪ್ರತಿಭೆಯದಲ್ಲ, ಅಭಿಮಾನದ್ದೂ ಅಲ್ಲ. ಬರೆಯುವ ಕೈಯದು ಮತ್ತು ಬಾಗಿಲು ತೆರೆಯುವ ಮನಸ್ಸಿನದು. ಒಬ್ಬ ಫ್ರಾನ್ಸಿಸ್ ಮೇರಿಯನ್ ಇಲ್ಲದಿದ್ದರೆ ಮೇರಿ ಡ್ರೆಸ್ಲರ್ ಹಳೆಯ ನಾಟಕದ ಜಾಹೀರಾತುಗಳಲ್ಲಿ ಉಳಿದ ಒಂದು ಹೆಸರಾಗಿರುತ್ತಿದ್ದಳು. ಜನ ಕೇಳುವುದೇ ಅದನ್ನು ಎಂದು ಇನ್ನೊಮ್ಮೆ ಯಾರಾದರೂ ಹೇಳಿದಾಗ ನಾವು ಮರುಪ್ರಶ್ನೆ ಹಾಕಬೇಕು: ಬೇರೆಯದನ್ನು ಅವರ ಮುಂದಿಟ್ಟು ನೋಡಿದ್ದೀರಾ?