ಯಜಮಾನರ ಕಂಪನಿಗೆ ನೀವೂ ನಿರ್ದೇಶಕಿಯೇ?

ಸೋದರಿಯರೇ, ನಿಮ್ಮ ಮನೆಯವರು ಗುತ್ತಿಗೆ ಕೆಲಸ ಮಾಡುವವರೇ? ಚರಂಡಿಯೋ, ಶಾಲೆಯ ಕಟ್ಟಡವೋ, ವೈರಿಂಗೋ, ಯಾವುದಾದರೂ ಆಗಲಿ. ಹಾಗಿದ್ದರೆ ಇವತ್ತಲ್ಲ ನಾಳೆ ಕಾಫಿ ಕುಡಿಯುತ್ತಾ, "ಒಂದು ಪ್ರೈವೇಟ್ ಲಿಮಿಟೆಡ್ ಮಾಡಿಬಿಡೋಣ ಅಂತಿದ್ದೀನಿ, ನಿನ್ನ ಆಧಾರ್, ಪ್ಯಾನ್ ಕೊಡು" ಅಂತಾರೆ. ಖಾಸಗಿ ಕಂಪನಿಗೆ ಕಡಿಮೆಯೆಂದರೂ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಆ ಎರಡನೆಯವರು ಯಾರು? ನಾವೇ! ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಆರು ವರ್ಷದಿಂದ ಇದೇ ವ್ಯವಸ್ಥೆ. ಕೇಳಿ ತಿಳಿದು ಕೊಡಿ, ಅಷ್ಟೆ.

ಲೆಕ್ಕ ಭರ್ತಿಗೆ ಹೆಂಡತಿಯನ್ನು ಸೇರಿಸುವುದು ಹೊಸದೇನಲ್ಲ. ಲಂಡನ್ನಿನಲ್ಲಿ ಸಾಲಮನ್ ಅನ್ನುವ ಬೂಟು ತಯಾರಕರಿದ್ದರು. ಆಗಿನ ಕಾನೂನಿಗೆ ಏಳು ಜನ ಬೇಕಿತ್ತು. ತಾನು, ಹೆಂಡತಿ, ಐದು ಮಕ್ಕಳು ಸೇರಿ ಕಂಪನಿ ಮಾಡಿದರು. ಅದು ಮುಳುಗಿತು. ಸಾಲ ಸಾಲಮನ್ನರೇ ತೀರಿಸಬೇಕೆಂದು ವ್ಯಾಜ್ಯವಾಯಿತು. 1897ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಕಂಪನಿ ಬೇರೆ, ಮನುಷ್ಯ ಬೇರೆ ಅಂತ ತೀರ್ಪು ಕೊಟ್ಟಿತು. 'ಲಿಮಿಟೆಡ್' ಅನ್ನುವುದರ ಜೀವಾಳ ಇದೇ. ಸ್ವಂತ ಹೆಸರಿನಲ್ಲಿ ಗುತ್ತಿಗೆ ಮಾಡಿದರೆ ಸಿಮೆಂಟು ಅಂಗಡಿಯ ಬಾಕಿ ಅವರ ಹೆಸರಿನ ಮನೆಯ ತನಕ ಬರಬಹುದು. ಕಂಪನಿಯಾದರೆ ಷೇರಿಗೆ ಹಾಕಿದ ದುಡ್ಡು ಹೋಗುತ್ತದೆ, ಮನೆ ಉಳಿಯುತ್ತದೆ.

ನೋಂದಣಿಗೆ ಬೆಂಗಳೂರಿಗೆ ಓಡಾಡಬೇಕಿಲ್ಲ. ಸ್ಪೈಸ್ ಪ್ಲಸ್ ಎನ್ನುವ ಅರ್ಜಿಯನ್ನು ಆಡಿಟರೇ ಕಂಪ್ಯೂಟರಿನಲ್ಲಿ ತುಂಬುತ್ತಾರೆ. ಒಂದು ಲಕ್ಷ ಬಂಡವಾಳ ಇರಲೇಬೇಕೆಂಬ ನಿಯಮ 2015ರಲ್ಲೇ ಹೋಯಿತು. ಮನೆಯನ್ನೇ ಕಚೇರಿ ವಿಳಾಸವಾಗಿ ತೋರಿಸಬಹುದು. ಮನೆ ನಿಮ್ಮ ಹೆಸರಿನಲ್ಲಿದ್ದರೆ ಒಪ್ಪಿಗೆ ಪತ್ರ ನೀವು ಬರೆಯಬೇಕು, ಜೊತೆಗೆ ಇತ್ತೀಚಿನ ಕರೆಂಟ್ ಬಿಲ್ಲು.

ಆಗ ನಿಮ್ಮ ಹೆಸರಿಗೊಂದು ಡಿಜಿಟಲ್ ಸಹಿ ಮಾಡಿಸುತ್ತಾರೆ. ನೋಡಲಿಕ್ಕೆ ಪೆನ್‌ಡ್ರೈವ್‌ನಷ್ಟೇ ಇರುತ್ತದೆ. ಎಷ್ಟೋ ಕಡೆ ಅದು ಆಡಿಟರ ಡ್ರಾಯರಿನಲ್ಲೇ ಉಳಿದುಬಿಡುತ್ತದೆ. ಅದು ನಿಮ್ಮ ಕೈಬರಹದಷ್ಟೇ ಗಟ್ಟಿ ಸಹಿ ಕಣ್ರೀ! ನಮ್ಮನೇಲಿ ಅದು ಬೀರುವಿನಲ್ಲಿ, ಬಳೆ ಡಬ್ಬಿಯ ಪಕ್ಕ ಇದೆ. ಬೇಕಾದಾಗ ಕೊಡ್ತೀನಿ, ಯಾತಕ್ಕೆ ಅಂತ ಕೇಳಿ, ವಾಪಸ್ ತಗೋತೀನಿ.

ಇನ್ನು ದುಡ್ಡಿನ ವಿಷಯ. ಕಂಪನಿಯ ದುಡ್ಡು ಮನೆಯ ದುಡ್ಡಲ್ಲ. ಬಿಲ್ ಪಾಸಾಯಿತು ಅಂತ ಅದರಿಂದಲೇ ಸರ ಮಾಡಿಸುವ ಹಾಗಿಲ್ಲ. ಸಂಬಳವೆಂದು ತೆಗೆಯಬೇಕು, ಇಲ್ಲವೇ ಲಾಭಾಂಶವೆಂದು. ಎರಡಕ್ಕೂ ತೆರಿಗೆಯ ಲೆಕ್ಕವುಂಟು. ಕೆಲಸ ಬರಲಿ ಬಿಡಲಿ, ಪ್ರತಿವರ್ಷ ಆಡಿಟ್ ಆಗಬೇಕು, ವಾರ್ಷಿಕ ಲೆಕ್ಕಪತ್ರ ಸಲ್ಲಬೇಕು. ತಡವಾದರೆ ಒಂದೊಂದು ಪತ್ರಕ್ಕೂ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರೆಲ್ಲ ಐದು ವರ್ಷ ಅನರ್ಹರು. 2017ರಲ್ಲಿ ಹೀಗೆ ಲಕ್ಷಗಟ್ಟಲೆ ಜನರನ್ನು ಅನರ್ಹಗೊಳಿಸಿದರು. 'ನಾನು ಬರೀ ಹೆಸರಿಗೆ ಇದ್ದೆ' ಅಂದರೆ ನಡೆಯುವುದಿಲ್ಲ. ಕಾನೂನಿನ ಕಣ್ಣಿಗೆ 'ಹೆಸರಿಗೆ ನಿರ್ದೇಶಕಿ' ಅನ್ನುವ ಜಾತಿಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳ್ತೀನಿ, ಒಲೆ ಮೇಲೆ ಹಾಲಿದ್ದರೆ ಇಳಿಸಿ ಬನ್ನಿ. ಕಂಪನಿಗೆ ಸಾಲ ಬೇಕೆಂದು ಬ್ಯಾಂಕಿಗೆ ಹೋದಾಗ, ಸಣ್ಣ ಕಂಪನಿಯನ್ನು ನಂಬಿ ಅವರು ಸುಮ್ಮನೆ ಕೊಡುತ್ತಾರೆಯೇ? ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತಾರೆ. ಎಷ್ಟೋ ಸಲ ಮನೆಪತ್ರವನ್ನೂ ಕೇಳುತ್ತಾರೆ. ಕಾಗದದ ದಪ್ಪ ಕಟ್ಟು ಮುಂದಿಟ್ಟು, ಪೆನ್ಸಿಲ್ ಗುರುತು ಇರುವಲ್ಲೆಲ್ಲ ಸಹಿ ಹಾಕಿ ಅಂತಾರೆ. ಆ ಸಹಿ ಬಿದ್ದ ಮೇಲೆ, ಆ ಸಾಲದ ಮಟ್ಟಿಗೆ 'ಲಿಮಿಟೆಡ್' ಅನ್ನುವ ಬೇಲಿ ಕಿತ್ತುಹೋಯಿತು. ಕಂಪನಿ ಕಟ್ಟದಿದ್ದರೆ ನಿಮ್ಮನ್ನೇ ಕೇಳಬಹುದು. ನಿಮ್ಮ ತವರಿನವರು ಕೊಟ್ಟ ಸೈಟು ನಿಮ್ಮ ಹೆಸರಿನಲ್ಲಿದ್ದರೆ ಅದನ್ನೂ. ಗುತ್ತಿಗೆಯ ಬಿಲ್ಲು ತಿಂಗಳುಗಟ್ಟಲೆ ಬಾರದಿರುವುದು ನಮಗೆ ಗೊತ್ತಿರುವ ಸಂಗತಿಯೇ ಅಲ್ಲವೇ? ಬಡ್ಡಿ ಮಾತ್ರ ಕಾಯುವುದಿಲ್ಲ. ಆದ್ದರಿಂದ ಜಾಮೀನು ಎಷ್ಟು ಮೊತ್ತಕ್ಕೆ, ಯಾವ ಸಾಲಕ್ಕೆ, ಮುಂದೆ ಪಡೆಯುವ ಸಾಲಕ್ಕೂ ಅನ್ವಯಿಸುತ್ತದೆಯೇ, ಈ ಮೂರನ್ನು ಕೇಳದೆ ಪೆನ್ನು ಮುಟ್ಟಬೇಡಿ. ಪ್ರತಿಯೊಂದು ಕಾಗದದ ನಕಲು ಇಸಿದುಕೊಳ್ಳಿ. ಮ್ಯಾನೇಜರು ಹುಬ್ಬು ಗಂಟಿಕ್ಕಿದರೆ ಇಕ್ಕಲಿ.

ಕೆಲಸ ಸಣ್ಣದಾಗಿದ್ದರೆ ಕಂಪನಿಯ ಗೋಜೇ ಬೇಡ ಅನ್ನೋದು ನನ್ನ ಅಭಿಪ್ರಾಯ. ವರ್ಷಕ್ಕೆ 2 ಕೋಟಿಯೊಳಗೆ ವಹಿವಾಟಿರುವ ವ್ಯಕ್ತಿ, ನಗದಿಗೆ 8%, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6% ಲಾಭವೆಂದು ತೋರಿಸಿ ತೆರಿಗೆ ಕಟ್ಟುವ ಸೌಲಭ್ಯವುಂಟು. ಕಂಪನಿಗೆ ಅದಿಲ್ಲ. ಕಂಪನಿಯೇ ಬೇಕೆಂದರೆ, ನಿಮ್ಮನ್ನು ನಿರ್ದೇಶಕಿ ಮಾಡದೆಯೂ ಆಗುತ್ತದೆ: 2013ರ ಕಾಯಿದೆಯಲ್ಲಿ ಏಕವ್ಯಕ್ತಿ ಕಂಪನಿ ಬಂದಿದೆ. ಅದರಲ್ಲಿ ಅವರೊಬ್ಬರೇ ಸದಸ್ಯರು, ನೀವು ನಾಮಿನಿ. ಅವರಿಗೇನಾದರೂ ಆದರೆ ಷೇರು ನಿಮಗೆ ಬರುತ್ತದೆ. ಆದರೆ ಅದಕ್ಕೂ ನಿಮ್ಮ ಲಿಖಿತ ಒಪ್ಪಿಗೆ ಬೇಕು.

ಈಗಾಗಲೇ ನಿರ್ದೇಶಕಿಯಾಗಿ ಬೇಡವೆನಿಸಿದೆಯೇ? ರಾಜೀನಾಮೆ ಕೊಡಬಹುದು, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಮೊದಲೇ ಹುಡುಕಲು ಹೇಳಿ. ಬರವಣಿಗೆಯಲ್ಲೇ ಕೊಡಿ, ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ, ನೋಂದಣಿ ಕಚೇರಿಗೆ ಮಾಹಿತಿ ಹೋಯಿತೇ ಅಂತ ಆಡಿಟರನ್ನು ವಿಚಾರಿಸಿ. ಬ್ಯಾಂಕಿನ ಜಾಮೀನು ಮಾತ್ರ ಇದರಿಂದ ತಪ್ಪುವುದಿಲ್ಲ. ಅದನ್ನು ಬಿಡಿಸಿದ್ದೇವೆಂದು ಬ್ಯಾಂಕೇ ಬರೆದುಕೊಡಬೇಕು; ಆ ಪತ್ರಕ್ಕೆ ಬೇರೆಯೇ ಅರ್ಜಿ ಹಾಕಿ.